ಕಾರ್ಟೂನ್ ತಾನೇ, ನೋಡಲಿ ಬಿಡು

ಕಳೆದ ಭಾನುವಾರ ಡೊಂಬಿವಲಿಯ ಅಕ್ಕನ ಮನೆಯಲ್ಲಿದ್ದೆ. ಒಂಬತ್ತು ವರ್ಷದ ಅಳಿಯ ಯೂಟ್ಯೂಬಿನಲ್ಲಿ ಹಳೇ ಡೊನಾಲ್ಡ್ ಡಕ್ ಹಾಕಿಕೊಂಡು ಕೂತಿದ್ದ. ಹಿಟ್ಲರನ ಫೋಟೋ ಕಂಡಾಗಲೆಲ್ಲ ಡೊನಾಲ್ಡ್ ಸೆಲ್ಯೂಟ್ ಹೊಡೆಯಬೇಕು, ಮತ್ತೆ ಬಾಂಬ್ ಫ್ಯಾಕ್ಟರಿಯಲ್ಲಿ ಕೆಲಸ. "ಮಾಮಾ, ಡೊನಾಲ್ಡ್ ವಿಲನ್ನಾ?" ಅಂದ. ಇಲ್ಲ ಮಾರಾಯ, ಅದೆಲ್ಲ ಅವನ ಕನಸು ಅಂದೆ. ಅಕ್ಕ ಅಡುಗೆಮನೆಯಿಂದಲೇ, "ಕಾರ್ಟೂನ್ ತಾನೇ, ನೋಡಲಿ ಬಿಡು" ಅಂದಳು.

ಅದು 1943ರ 'ಡೆರ್ ಫ್ಯೂರರ್ಸ್ ಫೇಸ್'. ಆಸ್ಕರ್ ಕೂಡ ಬಂದಿತ್ತು. ನನಗೆ ಇನ್ನೂ ಮಜಾ ಅನಿಸೋದು ಅದರ ಹಿಂದಿನ ವರ್ಷ ಅಮೆರಿಕದ ಖಜಾನೆ ಇಲಾಖೆ ಡಿಸ್ನಿಯಿಂದ ಮಾಡಿಸಿದ 'ದ ನ್ಯೂ ಸ್ಪಿರಿಟ್'. ಯುದ್ಧಕ್ಕೆ ದುಡ್ಡು ಬೇಕಿತ್ತು, ಜನ ಬೇಗ ಇನ್‌ಕಂ ಟ್ಯಾಕ್ಸ್ ಕಟ್ಟಬೇಕಿತ್ತು. ಡೊನಾಲ್ಡ್ ಕೂತು ಫಾರ್ಮ್ ತುಂಬುತ್ತಾನೆ, ಮೂವರು ಅಳಿಯಂದಿರು ತನ್ನನ್ನೇ ನಂಬಿಕೊಂಡವರು ಅಂತ ಬರೆದು ವಿನಾಯಿತಿಯನ್ನೂ ಕೇಳುತ್ತಾನೆ. (ಜುಲೈ ಬಂತೆಂದರೆ ಸಿಎ ಮುಂದೆ ಹಲ್ಲು ಕಿರಿಯುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.)

ಇಲ್ಲಿವರೆಗೆ ನಗಬಹುದು. ಆದರೆ ಕಾರ್ಟೂನಿನಲ್ಲಿ ಯಾರೂ ಸಾಯೋದಿಲ್ಲ ಅಲ್ವಾ? ಬಾಂಬ್ ಬಿದ್ದರೆ ಮುಖ ಕಪ್ಪಾಗುತ್ತದೆ, ಮೈ ಚಪಾತಿ ಥರ ಚಪ್ಪಟೆಯಾಗುತ್ತದೆ, ಮರುಕ್ಷಣ ಎದ್ದು ಓಡುತ್ತಾರೆ. ಯುದ್ಧ ಮಾಡಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು? ಭಾಷಣ ಕೇಳುವಾಗ ಸ್ವಲ್ಪವಾದರೂ ಅನುಮಾನ ಇರುತ್ತದೆ, ನಗುವಾಗ ಅದೂ ಇರೋದಿಲ್ಲ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಗುಮುಖದ ವಿಮಾನ ಬಾಂಬ್ ಹಾಕುವ ಎಐ ವಿಡಿಯೋ ಬಂದಾಗ ನಾನೂ ಸುಮ್ನೆ ನಗುವ ಇಮೋಜಿ ಒತ್ತಿದ್ದೆ. ಕೆಳಗೆ ಯಾರ ಮನೆ ಇತ್ತು ಅಂತ ನೋಡಲೇ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಜಪಾನಿನದು. ಅಲ್ಲಿನ ನೌಕಾಪಡೆ ಮಾಡಿಸಿದ, ಜಪಾನಿನ ಜನಪದ ಕಥೆಯ ವೀರ ಹುಡುಗ ಮೊಮೊಟಾರೊನ ಕಾರ್ಟೂನ್ ಸಿನಿಮಾ, 74 ನಿಮಿಷ, ಹೆಚ್ಚುಕಡಿಮೆ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ವರೆಗೆ ಸ್ಲೋ ಲೋಕಲ್‌ನಲ್ಲಿ ಕೂತಷ್ಟು ಹೊತ್ತು. ಕೋತಿ, ಕರಡಿ, ನಾಯಿಮರಿ ಎಲ್ಲ ಸೈನಿಕರು. ರಜೆಯಲ್ಲಿ ಊರಿಗೆ ಬರುತ್ತಾರೆ, ಅಪ್ಪ ಅಮ್ಮನನ್ನು ನೋಡುತ್ತಾರೆ. ಎಷ್ಟು ಮುದ್ದಾಗಿದೆ ಅಂದರೆ ಸಿಟ್ಟು ಬರುತ್ತದೆ. ಕೊನೆಯಲ್ಲಿ ಊರಿನ ಪುಟ್ಟ ಮರಿಗಳು ನೆಲದ ಮೇಲೆ ಅಮೆರಿಕದ ನಕ್ಷೆ ಬರೆದು, ಪ್ಯಾರಾಚೂಟ್ ಆಟ ಆಡುತ್ತಾ ಅದರ ಮೇಲೆ ಹಾರುತ್ತವೆ.

ಅದು ತೆರೆಗೆ ಬಂದದ್ದು 1945ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ಟೋಕಿಯೋ ಸುಟ್ಟುಹೋಗಿತ್ತು. ದೊಡ್ಡ ಊರುಗಳ ಮಕ್ಕಳನ್ನು ಬಾಂಬಿಗೆ ಹೆದರಿ ಹಳ್ಳಿಗಳಿಗೆ ಕಳಿಸಿಯಾಗಿತ್ತು. ಯಾರಿಗಾಗಿ ಮಾಡಿದ್ದರೋ ಆ ಮಕ್ಕಳೇ ಟಾಕೀಸಿನಲ್ಲಿ ಇರಲಿಲ್ಲ.