‘ಅಳೆದೆವು’ ಅಂದರೆ ಸಾಲದೇ?

ಹೋದ ತಿಂಗಳು ನಮ್ಮ ಲ್ಯಾಬಿನ ಸಂಶೋಧನಾ ಪೇಪರ್ ಒಂದು ಜರ್ನಲ್ಲಿನಿಂದ ವಾಪಸ್ ಬಂತು. ಪ್ರಯೋಗದ ಬಗ್ಗೆ ಅಷ್ಟೇನೂ ತಕರಾರು ಇರಲಿಲ್ಲ. ಕೊನೆಯಲ್ಲಿ ಮಾತ್ರ ಒಂದು ಸಾಲು: ಇಂಗ್ಲಿಷ್ ಮನೆಮಾತಾಗಿರುವವರಿಂದ ತಿದ್ದಿಸಿ. ಪೇಪರ್ ಬರೆದದ್ದು ಚೀನಾದಿಂದ ಬಂದ ನನ್ನ ಸಹೋದ್ಯೋಗಿ, ಜೊತೆಗೆ ನನ್ನ ಹೆಸರೂ ಇತ್ತು. ಇಬ್ಬರಿಗೂ ಚುರ್ ಅಂತು.

ಇಲ್ಲೇ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿ ಬೆಳೆದ ನಮ್ಮ ಬಾಸ್ ತಿದ್ದೋಕೆ ಕೂತರು. ‘ವಿ ಕ್ಯಾರೀಡ್ ಔಟ್ ದ ಮೆಷರ್‌ಮೆಂಟ್ ಆಫ್ ಥಿಕ್‌ನೆಸ್’ ಅಂತ ಇದ್ದದ್ದು ‘ವಿ ಮೆಷರ್ಡ್ ದ ಥಿಕ್‌ನೆಸ್’ ಆಯಿತು. ಅರ್ಧ ಪುಟ ಕೆಳಗೆ ಅದೇ ಪೆನ್ನು ಉಲ್ಟಾ ಕೆಲಸ ಮಾಡಿತು. ‘ದ ಕೋಟಿಂಗ್ ಕ್ರ್ಯಾಕ್ಡ್’ ಅಂತ ಒಂದು ವಾಕ್ಯ. ಅದರ ಮುಂದಿನದೂ ‘ಬಿಕಾಸ್ ದ ಕೋಟಿಂಗ್ ಕ್ರ್ಯಾಕ್ಡ್’ ಅಂತಲೇ ಶುರು. ಬಾಸ್ ಅದನ್ನು ಹೊಡೆದು ‘ದಿಸ್ ಕ್ರ್ಯಾಕಿಂಗ್’ ಅಂತ ಬರೆದರು. ಒಂದು ಕಡೆ ನಾಮಪದ ತೆಗೆದರು, ಇನ್ನೊಂದು ಕಡೆ ತಂದು ಕೂರಿಸಿದರು.

ಇದರಲ್ಲೇ ಇದೆ ಗುಟ್ಟು. ಇಲ್ಲಿಯವರು ಮೊದಲು ನಡೆದದ್ದನ್ನು ಕ್ರಿಯಾಪದದಲ್ಲಿ ಹೇಳುತ್ತಾರೆ. ಆಮೇಲೆ ಅದನ್ನೇ ನಾಮಪದ ಮಾಡಿಕೊಂಡು ಮುಂದಿನ ಮಾತಿಗೆ ಮೆಟ್ಟಿಲು ಮಾಡುತ್ತಾರೆ. ಮೈಕಲ್ ಹ್ಯಾಲಿಡೇ ಅನ್ನೋ ಭಾಷಾವಿಜ್ಞಾನಿ ಇದನ್ನು ವಿವರವಾಗಿ ಬರೆದಿದ್ದಾರೆ. 1704ರಲ್ಲಿ ಬಂದ ನ್ಯೂಟನ್‌ನ ‘ಆಪ್ಟಿಕ್ಸ್’ ಪುಸ್ತಕದಲ್ಲೇ ಈ ಜಾಡನ್ನು ಅವರು ತೋರಿಸಿದರು. ಹ್ಯಾಲಿಡೇ ಕೂಡ ಹುಟ್ಟಿದ್ದು ಲೀಡ್ಸ್‌ನಲ್ಲಿ, 1925ರಲ್ಲಿ. ಓದಿದ್ದು ಬೀಜಿಂಗ್‌ನಲ್ಲಿ, ಚೀನೀ ಭಾಷೆ.

ನನ್ನ ಸಹೋದ್ಯೋಗಿ ನಾಮಪದವನ್ನು ಇಡೋದು ಬೇರೆ ಜಾಗದಲ್ಲಿ, ಕ್ರಿಯಾಪದ ಇರಬೇಕಾದ ಕಡೆ. ಅದಕ್ಕೆ ಕಾರಣ ಅವಳೇ ಹೇಳಿದಳು. ಚೀನೀ ಭಾಷೆಯಲ್ಲಿ ‘ಫೆನ್‌ಶಿ’ ಅಂದರೆ ವಿಶ್ಲೇಷಿಸು, ವಿಶ್ಲೇಷಣೆ ಎರಡೂ. ರೂಪ ಬದಲಾಗೋದೇ ಇಲ್ಲ. ಗಂಭೀರವಾಗಿ ಬರೆಯುವಾಗ ಆ ಪದಕ್ಕಿಂತ ಮೊದಲು ‘ಜಿನ್‌ಶಿಂಗ್’ ಅಂತ ಸೇರಿಸುತ್ತಾರೆ, ‘ವಿಶ್ಲೇಷಣೆ ನಡೆಸು’ ಅನ್ನೋ ಹಾಗೆ. ಅದು ಸೀದಾ ಇಂಗ್ಲಿಷಿಗೆ ಬಂದಾಗ ‘ಕ್ಯಾರೀಡ್ ಔಟ್ ಆನ್ ಅನಾಲಿಸಿಸ್’ ಆಗುತ್ತದೆ.

ಕೇಳಿದ ಕೂಡಲೇ ನನಗೆ ಊರು ನೆನಪಾಯಿತು. ‘ಪರಿಶೀಲನೆ ನಡೆಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ನಮ್ಮದೂ ಅದೇ ಕಥೆ ಅಲ್ವಾ? ಪಿಯುಸಿಯಲ್ಲಿ ರೆಕಾರ್ಡ್ ಬರೆಯುವಾಗ ‘ಅಳೆದೆವು’ ಅಂತ ಬರೆದರೆ ಲೆಕ್ಚರರ್ ಸೈನ್ ಹಾಕುತ್ತಿರಲಿಲ್ಲ. ಯಾರು ಅಳೆದರು ಅಂತ ಗೊತ್ತಾಗಬಾರದು, ಮಾತು ಭಾರವಾಗಿರಬೇಕು. ನನಗೆ ಸಿಟ್ಟು ಬರೋದು ಇಲ್ಲೇ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಎಷ್ಟು ಚೆನ್ನಾಗಿ ಬರುತ್ತಿತ್ತು ಇದು! ‘ಮಡಕೆ ಬಿರುಕು ಬಿಡ್ತು. ಬಿರುಕು ಬಿಟ್ಟಿದ್ದಕ್ಕೇ ನೀರು ಸೋರ್ತು.’ ಬಾಸ್ ಮಾಡಿದ್ದೂ ಇಷ್ಟೇ ತಾನೇ? ಮನೆಯಲ್ಲಿ ಕಲಿತದ್ದನ್ನು ಕಾಲೇಜಿನಲ್ಲಿ ಮರೆಸುತ್ತೇವೆ. ಈ ವಿಷಯದಲ್ಲಿ ನನ್ನ ಓಟು ಇಲ್ಲಿಯವರಿಗೇ.

ಹಾಗಂತ ಇವರು ಬರೆದದ್ದೆಲ್ಲ ತಿಳಿಯಾಗಿರುತ್ತೆ ಅನ್ನೋಕಾಗಲ್ಲ. ‘ಹೈ ಟೆಂಪರೇಚರ್ ಕೋಟಿಂಗ್ ಕ್ರ್ಯಾಕ್ ಗ್ರೋತ್ ರೇಟ್’ ಅಂತ ಒಂದರ ಹಿಂದೆ ಒಂದು ಪದ ಪೋಣಿಸಿಬಿಡುತ್ತಾರೆ. ಹೈ ಆಗಿರೋದು ಟೆಂಪರೇಚರ್ರೋ ರೇಟೋ, ಹೊರಗಿನವರು ತಡಕಾಡಬೇಕು. ಇದನ್ನು ಮಾತ್ರ ಯಾರಿಂದಲಾದರೂ ತಿದ್ದಿಸಿ ಅಂತ ಯಾರೂ ಹೇಳಲ್ಲ. ನಮ್ಮ ಪೇಪರಿನಲ್ಲೂ ಬಾಸ್ ಬರೆದ ಇಂಥದ್ದೊಂದು ಸಾಲು ಇತ್ತು, ಅದರ ಬಗ್ಗೆ ಚಕಾರ ಬರಲಿಲ್ಲ. ‘ಇದನ್ನು ಬಿಡಿಸಿ ಬರೆಯೋಣ’ ಅಂತ ಮೊದಲ ಕರಡಿನಲ್ಲೇ ಪಕ್ಕದಲ್ಲಿ ಗುರುತು ಹಾಕಿದ್ದು ನನ್ನ ಸಹೋದ್ಯೋಗಿ. ಆಗ ಅವಳ ಮಾತು ನಡೆಯಲಿಲ್ಲ. ಈ ಸಲ ಕಳಿಸುವ ಮುಂಚೆ ಆ ಸಾಲನ್ನು ಅವಳು ಹೇಳಿದ ಹಾಗೇ ಬದಲಾಯಿಸಬೇಕು ಅಂತ ಬಾಸ್‌ಗೆ ಬರೆದಿದ್ದೇನೆ.