ಉಳ್ಳಾಗಡ್ಡಿ ರೇಟು ಬಿದ್ದಾಗ ದೆಹಲಿಗೆ ಯಾಕೆ ಅವಸರ ಇಲ್ಲ?

ನಾಸಿಕಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕು. ಅಣ್ಣ ಈಗಲೂ ಮುಂಗಾರಿಗೆ ಉಳ್ಳಾಗಡ್ಡಿ ಬಿತ್ತುತ್ತಾನೆ. ಹಾಗಾಗಿ ಲಾಸಲಗಾಂವ್ ಕಡೆ ಹೋದಾಗಲೆಲ್ಲ ಅಲ್ಲಿನ ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿಯೇ ಬರುತ್ತೇನೆ.

ಅಲ್ಲಿ ಟ್ರ್ಯಾಕ್ಟರ್‌ಗಳ ಸಾಲು. ಟ್ರಾಲಿ ತುಂಬ ಬಿಡಿ ಉಳ್ಳಾಗಡ್ಡಿ. ವ್ಯಾಪಾರಿಗಳು ಒಂದೊಂದೇ ಟ್ರಾಲಿ ಹತ್ತಿರ ಬಂದು, ಕೈಹಾಕಿ ನೋಡಿ, ಹರಾಜು ಕೂಗುತ್ತಾರೆ. ರೈತ ಪಕ್ಕದಲ್ಲೇ ನಿಂತಿರುತ್ತಾನೆ. ರೇಟು ಸರಿ ಬರದಿದ್ದರೆ ಗಾಡಿ ತಿರುಗಿಸಿಕೊಂಡು ಹೋಗಬಹುದು. ಊರು ಹತ್ತಿರ, ಮನೆಯಲ್ಲಿ ಚಾಳ ಇದೆ. ಚಾಳ ಅಂದರೆ ಗಾಳಿ ಆಡುವ ಹಾಗೆ ಕಟ್ಟಿದ ಉದ್ದನೆಯ ಶೆಡ್ಡು. ಬೇಸಿಗೆಯಲ್ಲಿ ಕಿತ್ತ ಗಡ್ಡೆ ಅದರಲ್ಲಿ ನಾಲ್ಕೈದು ತಿಂಗಳು ಇರುತ್ತದೆ.

ಅಣ್ಣನಿಗೆ ಆ ಅನುಕೂಲ ಇಲ್ಲ. ಮುಂಗಾರಿನ ಗಡ್ಡೆಯಲ್ಲಿ ನೀರು ಜಾಸ್ತಿ, ಚಾಳ ಕಟ್ಟಿದರೂ ಅಷ್ಟು ದಿನ ತಾಳುವುದಿಲ್ಲ. ಚೀಲ ತುಂಬಿ, ಲಾರಿಗೆ ಹಾಕಿ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಕಳಿಸಲೇಬೇಕು. ನಾನೂರು ಕಿಲೋಮೀಟರ್ ಹೋದ ಮಾಲನ್ನು ವಾಪಸ್ ತರುವ ಮಾತೇ ಇಲ್ಲ. ಒಮ್ಮೆ ಅವನಿಗೆ ಬಂದ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ನೋಡಿದೆ. ಹಮಾಲಿ, ಲಾರಿ ಬಾಡಿಗೆ ಸರಿ. ರೈತನಿಂದ ದಲಾಲಿ ಹಿಡಿಯಬಾರದು ಅಂತ ಕಾನೂನಿದ್ದರೂ ಅದನ್ನೂ ಹಿಡಿದಿದ್ದರು. ಕೇಳಿದ್ದಕ್ಕೆ 'ಮುಂದಿನ ಸಲ ಬೇರೆ ಅಂಗಡಿ ನೋಡ್ಕೊಳ್ಳಿ' ಅಂದರಂತೆ.

2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ಯಶವಂತಪುರದಲ್ಲಿ 205 ಕೆಜಿ ಮಾರಿದರು. ಕ್ವಿಂಟಲ್‌ಗೆ 200 ರೂಪಾಯಿ. ಬಾಡಿಗೆ 377.64, ಹಮಾಲಿ 24 ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಮೂರೇ ತಿಂಗಳಿಗೆ ಸೊಲ್ಲಾಪುರದಲ್ಲಿ 512 ಕೆಜಿ ಮಾರಿದ ರೈತರಿಗೆ ಸಿಕ್ಕಿದ್ದು 2 ರೂಪಾಯಿ ಚೆಕ್. ನೋವು ಎರಡೂ ಕಡೆ ಒಂದೇ. ಆದರೆ ಇಲ್ಲಿ 2023ರ ಮಾರ್ಚ್‌ನಲ್ಲಿ ನಾಸಿಕ ಜಿಲ್ಲೆಯ ದಿಂಡೋರಿಯಿಂದ ರೈತರು ಮುಂಬೈ ಕಡೆಗೆ ನಡೆದೇ ಹೊರಟರು. ಮಹಾರಾಷ್ಟ್ರ ಸರ್ಕಾರ ಕ್ವಿಂಟಲ್‌ಗೆ 350 ರೂಪಾಯಿ ಸಹಾಯಧನ ಘೋಷಿಸಬೇಕಾಯಿತು. ಆ ಒಗ್ಗಟ್ಟು ನೋಡಿದಾಗ ನಮ್ಮ ಕಡೆ ಇದು ಯಾಕಿಲ್ಲ ಅಂತ ಸಂಕಟವಾಗುತ್ತದೆ.

ರೇಟು ಬಿದ್ದಾಗ ದೆಹಲಿಗೆ ಅವಸರ ಇರಲಿಲ್ಲ. ಏರತೊಡಗಿದ ಕೂಡಲೇ, 2023ರ ಆಗಸ್ಟ್ 19ರಂದು, ರಫ್ತಿನ ಮೇಲೆ ಶೇ 40 ಸುಂಕ ಬಿತ್ತು. ಡಿಸೆಂಬರ್ 8ಕ್ಕೆ ರಫ್ತೇ ಬಂದ್. 2024ರ ಮೇ 4ಕ್ಕೆ ಬಾಗಿಲು ತೆರೆಯಿತು. ಆಗಲೂ ಟನ್ನಿಗೆ 550 ಡಾಲರ್‌ಗಿಂತ ಕಡಿಮೆಗೆ ಮಾರುವಂತಿಲ್ಲ, ಜೊತೆಗೆ ಅದೇ ಸುಂಕ. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಹೀಗೆ ಮಾಡಿದರೆ ಶ್ರೀಲಂಕಾದ, ಮಲೇಷ್ಯಾದ ವ್ಯಾಪಾರಿ ನಮ್ಮನ್ನು ನಂಬುವುದಾದರೂ ಹೇಗೆ?

ಪೇಟೆಯವರ ಕಷ್ಟವೂ ನನಗೆ ಗೊತ್ತು, ನಾನೂ ಕೆಜಿ ಲೆಕ್ಕದಲ್ಲೇ ಕೊಳ್ಳುವವನು. ಅದಕ್ಕೆಂದೇ, ರೇಟು ಏರಿದಾಗ ಪೇಟೆಗೆ ಬಿಡಲು, ಸರ್ಕಾರ ಉಳ್ಳಾಗಡ್ಡಿ ಕೊಂಡು ಕಾಪು ದಾಸ್ತಾನು ಇಡುತ್ತದೆ. 2023ರಲ್ಲಿ ಅದನ್ನು 3 ಲಕ್ಷದಿಂದ 5 ಲಕ್ಷ ಟನ್ನಿಗೆ ಏರಿಸಿತು. ಆದರೆ ದಾಸ್ತಾನಿಗೆ ಕೊಳ್ಳುವುದು ಹೆಚ್ಚಾಗಿ ತಾಳಿಕೆ ಬರುವ ಹಿಂಗಾರಿ ಗಡ್ಡೆ, ಅಂದರೆ ಬೇಸಿಗೆಯಲ್ಲಿ ಕೀಳುವ ನಾಸಿಕದ ಕಡೆಯ ಮಾಲು. ಅಣ್ಣನ ಹೊಲದ ಗಡ್ಡೆಗೆ ಆ ಖರೀದಿ ಇಲ್ಲ. ರಫ್ತು ಬಂದ್ ಆದರೆ ಮಾತ್ರ ಪೆಟ್ಟು ಅವನಿಗೂ ಬೀಳುತ್ತದೆ. ಇದು ಯಾವ ನ್ಯಾಯ?

ಮನಸ್ಸು ಮಾಡಿದರೆ ದಾರಿ ಇದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಗೆ ಅದೇ 2023ರ ಸೆಪ್ಟೆಂಬರ್‌ನಲ್ಲಿ ಸುಂಕದಿಂದ ವಿನಾಯಿತಿ ಸಿಕ್ಕಿತು. ನಮ್ಮ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಸಾಕಿತ್ತು. ಗದಗ, ಚಿತ್ರದುರ್ಗದ ಮುಂಗಾರಿ ಗಡ್ಡೆಗೂ ಹೀಗೆ ಬೇರೆ ನಿಯಮ ಮಾಡಬಹುದಲ್ವಾ? ಅಣ್ಣ ಜೂನ್‌ನಲ್ಲಿ ಬೀಜ ಹಾಕುವ ಮೊದಲೇ ಆ ವರ್ಷದ ರಫ್ತಿನ ನಿಯಮ ಹೇಳಿಬಿಡಿ. ಅವನ ಕೊನೆಯ ಲಾರಿ ಯಶವಂತಪುರ ತಲುಪುವ ತನಕ ಅದನ್ನು ಬದಲಿಸಬೇಡಿ.