ಇಸಬೆಲ್ಲಾಗೆ ‘ಪಾಪ’ ಅನ್ನಬೇಡಿ

ಹೋದ ವಾರ ಊರಿನಿಂದ ಬಂದಿದ್ದ ಗೆಳತಿಗೆ ಟೊರೊಂಟೊ ತೋರಿಸಲು ಹೊರಟಿದ್ದೆ. ಸಿಎನ್ ಟವರ್ ಹತ್ತಿ ಇಳಿದಾಯ್ತು. ಅಲ್ಲೇ ಹತ್ತಿರ, ಫ್ರಂಟ್ ಸ್ಟ್ರೀಟ್ ಮತ್ತು ಜಾನ್ ಸ್ಟ್ರೀಟ್ ಸೇರುವ ಕಡೆ ಒಂದು ಪುಟ್ಟ ಪಾರ್ಕ್ ಇದೆ. ಅದಕ್ಕೆ ಇಸಬೆಲ್ಲಾ ವ್ಯಾಲನ್ಸಿ ಕ್ರಾಫರ್ಡ್ ಅಂತ ಹೆಸರು. ‘ಯಾರೇ ಇವರು?’ ಅಂದಳು. ‘ಕವಿ. 1884ರಲ್ಲಿ ಕೈಯಿಂದ ದುಡ್ಡು ಹಾಕಿ 1000 ಪುಸ್ತಕ ಅಚ್ಚು ಮಾಡಿಸಿದ್ರು. 50 ಹೋದವು ಅಷ್ಟೆ’ ಅಂದೆ. ‘ಅಯ್ಯೋ, ಪಾಪ’ ಅಂದಳು. ಅಲ್ಲಿಗೆ ಮಾತು ಮುಗಿಯಿತು. ಕಾಫಿ ಕುಡಿಯಲು ಹೋದೆವು.

ಅವಳದೇನೂ ತಪ್ಪಿಲ್ಲ. ಕವಿಯ ಬಗ್ಗೆ ಕೇಳಿದರೆ ನಾನು ಮಾರಾಟದ ಲೆಕ್ಕ ಹೇಳಿದೆ. ಅವರ ಒಂದು ಸಾಲನ್ನೂ ಹೇಳಲಿಲ್ಲ.

ಆ ‘ಪಾಪ’ ನನಗೆ ಹಳೇ ಪರಿಚಯ. ನಮ್ಮಪ್ಪ ದಾವಣಗೆರೆ ಕಡೆಯ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಸೊಸೈಟಿಯಲ್ಲಿ ಸಾಲ ಮಾಡಿ ಒಂದು ಕವನ ಸಂಕಲನ ತಂದಿದ್ದರು. 500 ಪ್ರತಿ. ಹಳೇ ಪೇಪರ್ ಸುತ್ತಿ ಸೆಣಬಿನ ಹುರಿ ಕಟ್ಟಿದ ಕಟ್ಟುಗಳು ವರ್ಷಗಟ್ಟಲೆ ಅಟ್ಟದ ಮೇಲಿದ್ದವು. ಮನೆಗೆ ಬಂದ ಹೆಂಗಸರಿಗೆ ಅಮ್ಮ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ ಜೊತೆ ಒಂದೊಂದು ಪುಸ್ತಕವನ್ನೂ ಇಟ್ಟು ಕೊಡುತ್ತಿದ್ದರು. ಎಲ್ಲರೂ ‘ಪಾಪ, ಮೇಷ್ಟ್ರು’ ಅನ್ನುವವರೇ. ಯಾರಾದರೂ ಒಬ್ಬರು ಬಂದು ‘ಮೇಷ್ಟ್ರೇ, ಆ ಮೂರನೇ ಪದ್ಯ ಸರಿಯಾಗಿಲ್ಲ’ ಅಂದಿದ್ದರೆ ಅಪ್ಪ ಅವತ್ತು ನಿದ್ದೆ ಮಾಡುತ್ತಿರಲಿಲ್ಲ, ಅಷ್ಟು ಖುಷಿಪಡುತ್ತಿದ್ದರು.

ಅದಕ್ಕೇ ಇಸಬೆಲ್ಲಾ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ. ಈ ಸಲ ಪದ್ಯದಿಂದಲೇ ಶುರು ಮಾಡುತ್ತೇನೆ.

‘ಮಾಲ್ಕಮ್ಸ್ ಕೇಟಿ’ ಅಂತ ಅವರದೊಂದು ಉದ್ದನೆಯ ಕಥನ ಕವನ ಇದೆ. ಮ್ಯಾಕ್ಸ್ ಅನ್ನುವ ಬಡ ಹುಡುಗ ಕೇಟಿಯ ಬೆರಳಿಗೆ ಬೆಳ್ಳಿ ಉಂಗುರ ತೊಡಿಸುವುದರಿಂದ ಅದು ಶುರುವಾಗುತ್ತದೆ. ಉಂಗುರ ಅಂಗಡಿಯಲ್ಲಿ ಕೊಂಡಿದ್ದಲ್ಲ. ಹುಡುಗನಾಗಿದ್ದಾಗ ಕೂಲಿ ಮಾಡಿ ಪಡೆದ ಮೊದಲ ನಾಣ್ಯವನ್ನು ಖರ್ಚು ಮಾಡದೆ ವರ್ಷಾನುಗಟ್ಟಲೆ ಇಟ್ಟುಕೊಂಡಿರುತ್ತಾನೆ. ಅದನ್ನೇ ತಟ್ಟಿ ತಟ್ಟಿ ಉಂಗುರ ಮಾಡಿದ್ದಾನೆ. ಎರಡು ಹೃದಯ ಕೊರೆಯುವಷ್ಟು ಕೈಚಳಕ ನನಗಿಲ್ಲ, ಅದಕ್ಕೆ ಬರೀ ಕೆ ಮತ್ತು ಎಂ ಕೊರೆದಿದ್ದೇನೆ ಅನ್ನುತ್ತಾನೆ. ಕೇಟಿ ನೋಡುತ್ತಾಳೆ. ನೀನು ಗೆರೆ ಎಳೆದಿರುವ ರೀತಿಯಲ್ಲಿ ಎಂ ಅನ್ನುವುದು ಕೆ ಒಳಗೇ ಸೇರಿಹೋಗಿದೆ, ಕೆ ಅನ್ನುವುದು ಎಂ ಒಳಗೆ ಅನ್ನುತ್ತಾಳೆ.

ಪ್ರೀತಿಯ ಕವಿತೆಯನ್ನು ಚಂದ್ರನಿಂದಲೋ ಗುಲಾಬಿಯಿಂದಲೋ ಶುರು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಇವರು ಮೊದಲ ಕೂಲಿಯಿಂದ ಶುರು ಮಾಡಿದರು. ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ.

ಸ್ವಲ್ಪ ಮುಂದೆ ಹೋದರೆ ಕೇಟಿಯ ಅಪ್ಪ ಮಾಲ್ಕಮ್‌ನ ಹಳೇ ಕಥೆ ಬರುತ್ತದೆ. ಈಗ ಸಾಹುಕಾರ, ಎಕರೆಗಟ್ಟಲೆ ಹೊಲ. ಮೊದಲು ಬಂದಾಗ ಎತ್ತು ಕೊಳ್ಳಲೂ ಗತಿ ಇರಲಿಲ್ಲ. ಅವನೂ ಅವನ ಸಹೋದರ ರೂಬೆನ್ನೂ ಅಕ್ಕಪಕ್ಕ ನಿಂತು ತಾವೇ ನೇಗಿಲಿಗೆ ಹೆಗಲು ಕೊಡುತ್ತಾರೆ. ಹಿಂದೆ ಅವರಪ್ಪ, ಗಂಟುಗಟ್ಟಿದ ಕೈಯಲ್ಲಿ ನೇಗಿಲಿನ ಹಿಡಿ ಒತ್ತಿ ಹಿಡಿದಿದ್ದಾನೆ. ಆ ಮುದುಕನಿಗೆ ವಯಸ್ಸಾಗಿದ್ದು ವರ್ಷಗಳಿಂದ ಅಲ್ಲ, ಬಡತನದಿಂದ ಅಂತ ಇಸಬೆಲ್ಲಾ ಬರೆಯುತ್ತಾರೆ. ಮಕ್ಕಳು ನೊಗ ಹೊತ್ತು, ಅಪ್ಪ ಹಿಂದೆ ನಡೆಯುವ ಆ ಸಾಲು ಓದಿದಾಗ ನನಗೆ ಕೆನಡಾ ಮರೆತುಹೋಯ್ತು.

ಇದು ದೂರದಿಂದ ಬಡತನ ನೋಡಿದವರ ಬರಹ ಅಲ್ಲ. ಇಸಬೆಲ್ಲಾ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಚಿಕ್ಕವರಿದ್ದಾಗಲೇ ಮನೆಯವರು ಕೆನಡಾಕ್ಕೆ ಬಂದು ಒಂಟಾರಿಯೊದ ಪೈಸ್ಲಿ ಅನ್ನುವ ಹೊಸ ಊರಿಗೆ ಸೇರಿದರು. ಸುತ್ತ ಇನ್ನೂ ಕಾಡು ಕಡಿಯುತ್ತಿದ್ದ ಕಾಲ. ಅಪ್ಪ ಡಾಕ್ಟರ್, ಆದರೆ ಕೈ ಹತ್ತಲಿಲ್ಲ. ಊರಿನ ಖಜಾಂಚಿ ಕೆಲಸವನ್ನೂ ಮಾಡುತ್ತಿದ್ದರು, ಲೆಕ್ಕದಲ್ಲಿ ಹಣ ಕಮ್ಮಿ ಬಂದು ಹೆಸರು ಕೆಟ್ಟಿತು. ಅಲ್ಲಿಂದ ಲೇಕ್‌ಫೀಲ್ಡ್, ಆಮೇಲೆ ಪೀಟರ್‌ಬರೋ. ಹುಟ್ಟಿದ ಮಕ್ಕಳಲ್ಲಿ ದೊಡ್ಡವರಾಗುವ ತನಕ ಉಳಿದವರು ಕೆಲವೇ ಮಂದಿ. 1875ರಲ್ಲಿ ಅಪ್ಪ ಹೋದರು. ಮರುವರ್ಷ ತಂಗಿ ಎಮ್ಮಾ ಹೋದಳು. ಮನೆಯಲ್ಲಿ ಉಳಿದಿದ್ದು ತಾಯಿ ಮತ್ತು ಮಗಳು. ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಟೊರೊಂಟೊಕ್ಕೆ ಬಂದರು.

ಇಲ್ಲಿ ನೋಡಿ. ಆ ಕಾಲದಲ್ಲಿ ಓದಿದ ಹೆಣ್ಣುಮಗಳಿಗೆ ಟೀಚರ್ ಕೆಲಸವೋ ಮದುವೆಯೋ ಇತ್ತು. ಇವರು ಬರೆದೇ ಮನೆ ನಡೆಸುತ್ತೇನೆ ಅಂತ ಕೂತರು. ಪೇಪರ್‌ಗೆ ಕವಿತೆ, ಕಥೆ, ವಾರ ವಾರ ಬರುವ ಧಾರಾವಾಹಿ. ಟೊರೊಂಟೊದ ‘ಗ್ಲೋಬ್’ ಮತ್ತು ‘ಈವ್ನಿಂಗ್ ಟೆಲಿಗ್ರಾಮ್’ನಲ್ಲಿ ಬಂತು, ನ್ಯೂಯಾರ್ಕಿನ ಪತ್ರಿಕೆಗಳಲ್ಲೂ ಬಂತು. ಟೊರೊಂಟೊಕ್ಕೆ ಬರುವ ಮೊದಲೇ ಒಂದು ಕಥಾ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿದ್ದರು. ಕೊಡಬೇಕಾದ ಕಂಪನಿ ದಿವಾಳಿಯಾಗಿ ಹಣ ಪೂರ್ತಿ ಕೈಗೆ ಬರಲಿಲ್ಲ. ಬರೆದು ಬದುಕುವವರಿಗೆ ಇಂಥದ್ದು ಹೊಸದಲ್ಲ ಅಲ್ವಾ. ಆದರೂ ಬರೆಯುವುದು ನಿಲ್ಲಿಸಲಿಲ್ಲ.

ಕೆಲವು ವಿಮರ್ಶಕರು ಆ ಧಾರಾವಾಹಿಗಳನ್ನು ಹೊಟ್ಟೆಪಾಡಿನ ಬರಹ ಅಂತ ಪಕ್ಕಕ್ಕೆ ಸರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಓದುಗರನ್ನು ಮುಂದಿನ ವಾರಕ್ಕೆ ಕರೆತರುವ ಕಲೆಯನ್ನು ಕಲಿತಿದ್ದು ಅಲ್ಲೇ ಅಂತ ನನ್ನ ಅನಿಸಿಕೆ. ‘ಮಾಲ್ಕಮ್ಸ್ ಕೇಟಿ’ಯಲ್ಲಿ ಮರ ಉರುಳುತ್ತದೆ, ನಾಯಕ ಅದರಡಿ ಸಿಕ್ಕಿಕೊಳ್ಳುತ್ತಾನೆ, ಖಳನಾಯಕ ಸುಳ್ಳು ಸುದ್ದಿ ತರುತ್ತಾನೆ. ಅಚ್ಚುಕಟ್ಟಾದ ಧಾರಾವಾಹಿಯೇ. ಅದರ ಮಧ್ಯದಲ್ಲೇ ಕಾವ್ಯ ಧುತ್ತನೆ ಎದ್ದು ನಿಲ್ಲುತ್ತದೆ.

ಎರಡನೇ ಭಾಗದ ಶುರುವಿನ ಸಾಲುಗಳನ್ನೇ ತಗೊಳ್ಳಿ. ತೆಂಕಣ ಗಾಳಿ ಅಲ್ಲಿ ಒಬ್ಬ ಮೂಲನಿವಾಸಿ ಯೋಧ. ಕಾಲಿನ ಮೊಕಾಸಿನ್, ಅಂದರೆ ಮೆತ್ತನೆಯ ಚರ್ಮದ ಮೆಟ್ಟು, ಕಳಚಿ ಪಕ್ಕಕ್ಕಿಡುತ್ತಾನೆ. ಹೊಗೆಸೊಪ್ಪು ಸೇದುವ ಹೂವಿನ ಚಿಲುಮೆಯನ್ನು ಮುರಿಯುತ್ತಾನೆ. ತಂಪು ಇಬ್ಬನಿಯ ಮಣಿ ಪೋಣಿಸಿದ ಪಟ್ಟಿಯನ್ನು ಬಡಗಣಕ್ಕೆ ಬಿಸಾಡುತ್ತಾನೆ. ಕೆಂಪನೆಯ ಈಟಿಯನ್ನು ಬಂದ ಕಡೆಗೇ, ಸೂರ್ಯನ ಕಡೆಗೇ, ವಾಪಸ್ ಎಸೆಯುತ್ತಾನೆ. ಬೇಸಿಗೆ ಮುಗಿಯಿತು ಅಂತ ಹೇಳುವುದಕ್ಕೆ ಇಷ್ಟೆಲ್ಲ. ಇಲ್ಲಿ ಸೆಪ್ಟೆಂಬರ್ ಕೊನೆಗೆ ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಗಾಳಿ ಬದಲಾಗಿರುತ್ತದಲ್ಲ, ಆಗೆಲ್ಲ ನನಗೆ ಆ ಈಟಿ ನೆನಪಾಗುತ್ತದೆ.

ಇದರಲ್ಲೇ ನನಗೆ ಚುಚ್ಚುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮ್ಯಾಕ್ಸ್ ಕೊಡಲಿ ಬೀಸುವುದು ಯಾರ ಕಾಡಿನಲ್ಲಿ? ಗಾಳಿಗೂ ಚಳಿಗೂ ಮೂಲನಿವಾಸಿಗಳ ಉಡುಪು ತೊಡಿಸುವ ಕವಿತೆಯಲ್ಲಿ ಆ ಜನರೇ ಇಲ್ಲ. ಅವರ ಚಿಲುಮೆ ಇದೆ, ಮಣಿಪಟ್ಟಿ ಇದೆ, ಅವರ ಮನೆ ಇಲ್ಲ. ಕಡಿದ ಕಾಡಿನಲ್ಲಿ ಸಾಲು ಸಾಲು ಗುಡಿಸಲು ಏಳುವುದನ್ನು ಕವಿತೆ ಹಬ್ಬದ ಹಾಗೆ ನೋಡುತ್ತದೆ. ಆ ಕಾಲದ ಬಿಳಿಯರು ಹಾಗೇ ನೋಡುತ್ತಿದ್ದರು ಅಂದುಬಿಟ್ಟರೆ ಸಾಲದು. ಕೂಲಿಯ ಬೆಲೆ ಇಷ್ಟು ಚೆನ್ನಾಗಿ ಗೊತ್ತಿದ್ದವರಿಗೆ ಈ ನಷ್ಟದ ಲೆಕ್ಕ ಕಾಣಲಿಲ್ಲವಲ್ಲ ಅನ್ನುವುದು ನನ್ನ ಬೇಜಾರು. ಆದರೆ ಇದನ್ನು ಹೇಳಬೇಕಾದರೂ ಮೊದಲು ಓದಬೇಕು. ‘ಪಾಪ’ ಅಂದುಬಿಟ್ಟರೆ ಜಗಳಕ್ಕೂ ದಾರಿ ಇಲ್ಲ.

1884ರ ಪುಸ್ತಕದಲ್ಲಿ ಇದ್ದಿದ್ದು ಈ ಕವಿತೆಯೇ, ಜೊತೆಗೆ ‘ಓಲ್ಡ್ ಸ್ಪೂಕ್ಸಸ್ ಪಾಸ್’ ಮತ್ತು ಇತರ ಪದ್ಯಗಳು. ಲಂಡನ್ ಪತ್ರಿಕೆಗಳು ಒಳ್ಳೆಯ ಮಾತು ಬರೆದವು. ಇಲ್ಲಿ ಮಾರಾಟ ಆಗಲಿಲ್ಲ. 1887ರ ಫೆಬ್ರವರಿ 12ರಂದು ಹೃದಯ ನಿಂತು ಹೋದರು. ಆಗ ತಾಯಿ ಜೊತೆ ಇದ್ದಿದ್ದು ಕಿಂಗ್ ಸ್ಟ್ರೀಟ್ ಮತ್ತು ಜಾನ್ ಸ್ಟ್ರೀಟ್ ಮೂಲೆಯ ದಿನಸಿ ಅಂಗಡಿಯ ಮೇಲಿನ ಬಾಡಿಗೆ ರೂಮಿನಲ್ಲಿ. ಈಗ ಆ ಮೂಲೆಯಲ್ಲಿ ಸಿನಿಮಾ ಉತ್ಸವದ ದೊಡ್ಡ ಕಟ್ಟಡ ಇದೆ. ಪಾರ್ಕಿನಿಂದ ನಡೆದೇ ಹೋಗಬಹುದು.

ಅವರನ್ನು ಮಣ್ಣು ಮಾಡಿದ್ದು ಪೀಟರ್‌ಬರೋದ ಲಿಟಲ್ ಲೇಕ್ ಸ್ಮಶಾನದಲ್ಲಿ. ಹದಿಮೂರು ವರ್ಷ ಗುರುತಿಗೆ ಒಂದು ಕಲ್ಲೂ ಇರಲಿಲ್ಲ. 1900ರಲ್ಲಿ ಜನ ಚಂದಾ ಎತ್ತಿ ಕಲ್ಲಿನ ಶಿಲುಬೆ ನಿಲ್ಲಿಸಿದರು. ಅದರ ಮೇಲೆ ಅವರ ಹೆಸರು, ಕೆಳಗೆ ‘ಕವಿ, ದೇವರ ವರದಿಂದ’ ಅಂತ ಬರೆದಿದೆ. ಪ್ರೀತಿಯಿಂದ ಬರೆಸಿದ್ದಾರೆ, ಗೊತ್ತು. ಆದರೂ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಒಂದು ಕಡೆ ‘ಪಾಪ’, ಇನ್ನೊಂದು ಕಡೆ ‘ದೇವರ ವರ’. ಎರಡರಲ್ಲೂ ಅವರ ದುಡಿಮೆ ಕಾಣಿಸುವುದಿಲ್ಲ. ನಾಣ್ಯ ತಟ್ಟಿ ಉಂಗುರ ಮಾಡಿದ ಕೈ ಎಲ್ಲಿ ಹೋಯ್ತು?

1905ರಲ್ಲಿ ಜಾನ್ ಗಾರ್ವಿನ್ ಅನ್ನುವವರು ಇಸಬೆಲ್ಲಾ ಕವಿತೆಗಳನ್ನು ಸೇರಿಸಿ ಪ್ರಕಟಿಸಿದರು. ಮುಂದೆ ದೊಡ್ಡ ವಿಮರ್ಶಕ ನಾರ್ತ್ರಪ್ ಫ್ರೈ, ಪುರಾಣ ಕಟ್ಟುವ ಕಲ್ಪನೆಯಲ್ಲಿ ಕೆನಡಾದ ಕವಿಗಳಲ್ಲೇ ಇವರು ವಿಶೇಷ ಅಂದರು. ಕವಿ ಡೊರೊತಿ ಲಿವ್ಸೆ ಹಸ್ತಪ್ರತಿಗಳ ಬೆನ್ನು ಹತ್ತಿದರು. ಅರ್ಧಕ್ಕೆ ನಿಂತಿದ್ದ ‘ಹ್ಯೂ ಆ್ಯಂಡ್ ಅಯಾನ್’ ಅನ್ನುವ ಕಥನ ಕವನ 1977ರಲ್ಲಿ ಪುಸ್ತಕವಾಗಿ ಬಂತು. ನಗರ ಸಾಕಾಗಿ ಕಾಡಿಗೆ ಹೋದ ಇಬ್ಬರು ಗೆಳೆಯರ ಮಾತು ಅದು. ಬಾಡಿಗೆ ರೂಮಿನಲ್ಲಿ ಕೂತು ಬರೆದ ಕಾಡು.

ಗೆಳತಿ ಊರಿಗೆ ವಾಪಸ್ ಹೋದ ಮೇಲೆ, ಅವಳಿಗೆ ಕಳಿಸೋಣ ಅಂತ ಆ ಉಂಗುರದ ಸಾಲುಗಳನ್ನು ಕನ್ನಡಕ್ಕೆ ತರಲು ಕೂತೆ. ನಾಣ್ಯ ಬಂತು, ಕೂಲಿ ಬಂತು, ಬೆರಳು ಬಂತು. ಕೆ ಮತ್ತು ಎಂ ಹತ್ತಿರ ನಿಂತುಬಿಟ್ಟೆ. ಇಂಗ್ಲಿಷಿನಲ್ಲಿ ಎರಡೂ ನೆಟ್ಟಗಿನ ಗೆರೆಯ ಅಕ್ಷರ, ಒಂದರೊಳಗೊಂದು ಕೂರುತ್ತವೆ. ನಮ್ಮವು ದುಂಡಗಿನವು, ಹೇಗೆ ಸೇರಿಸುವುದು? ಪಕ್ಕದಲ್ಲಿ ಮಗಳು ಕನ್ನಡ ಕ್ಲಾಸಿನ ಹೋಮ್‌ವರ್ಕ್ ಮಾಡುತ್ತಿದ್ದಳು. ‘ಕ, ಮ ಎರಡನ್ನೂ ಸೇರಿಸಿ ಬರಿ ನೋಡೋಣ’ ಅಂದೆ. ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಎರಡನ್ನೂ ಅಂಟಿಸಿ ಬರೆದು, ಮೇಲೆ ಎರಡಕ್ಕೂ ಸೇರಿ ಒಂದೇ ತಲೆಕಟ್ಟು ಎಳೆದಳು.

ಅನುವಾದ ಇನ್ನೂ ಮುಗಿದಿಲ್ಲ. ಆ ಚೀಟಿಯ ಫೋಟೊ ತೆಗೆದು ಗೆಳತಿಗೆ ಕಳಿಸಿದ್ದೇನೆ.